ಒಂದು ಜಾಗಕ್ಕೆ ಮೂರು ಬೇಸ್ ಗಿಟಾರು

ಲೋಕದ ಭಾರವನ್ನು ನಿಜವಾಗಿ ಹೊತ್ತವರು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಮಾತನ್ನು ಹೇಳುತ್ತ ತಿರುಗುವವರು ಹೆಚ್ಚಾಗಿ ಬೇಸ್ ಗಿಟಾರ್ ನುಡಿಸುವವರೇ ಆಗಿರುತ್ತಾರೆ; ನಾನೂ ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ.

ಕೂಡ್ಲಿಗಿಯ ಕಾಲೇಜೊಂದರಲ್ಲಿ ಗುಮಾಸ್ತಿಕೆ, ಕೊಟ್ಟೂರಿನಲ್ಲಿ ಬಾಡಿಗೆ ಮನೆ, ಮನೆಯಲ್ಲೊಂದು ಬೇಸ್ ಗಿಟಾರು. ಹಾಡಿನ ಅಡಿಯಲ್ಲಿ ಗುಂಯ್ಗುಡುವ ತಗ್ಗು ಸ್ವರದ ಈ ವಾದ್ಯಕ್ಕೆ ಮಾಮೂಲಿ ಗಿಟಾರಿನಂತೆ ಆರಲ್ಲ, ನಾಲ್ಕೇ ದಪ್ಪ ತಂತಿ. ಬಂದ ಬೀಗರೆಲ್ಲ "ಇನ್ನೆರಡು ತಂತಿ ಯಾವಾಗ ಹಾಕಸ್ತೀರಿ?" ಎಂದು ಅನುಕಂಪದಿಂದ ಕೇಳುತ್ತಾರೆ. ಸ್ಪೀಕರಿಗೆ ಜೋಡಿಸಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಜೋಡಿಸದಿದ್ದರೆ ನನಗೇ ಕೇಳಿಸದು. ಹಾಗಾಗಿ ಗಿಟಾರಿನ ಅಂಚನ್ನು ಕಬ್ಬಿಣದ ಬೀರುವಿಗೆ ಒತ್ತಿ ಹಿಡಿದು ನುಡಿಸುವ ವಿದ್ಯೆಯನ್ನು ಕಂಡುಹಿಡಿದೆ. ಆಗ ಬೀರುವೇ ಒಳಗಿನ ಸೀರೆಗಳ ಸಮೇತ ಗುಂಯ್ ಎನ್ನುತ್ತದೆ.

"ರೀ, ಬೀರುವಿಗೆ ಚಳಿಜ್ವರ ಬಂದೈತಿ ನೋಡ್ರಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳುವಳು. "ಗುಳಿಗಿ ಕೊಡ್ಲೇನು?"

ವರ್ಷಗಟ್ಟಲೆ ಬೀರುವಿನ ಮುಂದೆ ನುಡಿಸಿದವನಿಗೆ ಇದ್ದದ್ದು ಒಂದೇ ಆಸೆ. ಒಮ್ಮೆಯಾದರೂ ವೇದಿಕೆಯ ಮೇಲೆ ನಿಂತು ನುಡಿಸಬೇಕು; ಆಳೆತ್ತರದ ಸ್ಪೀಕರಿನಿಂದ ಹೊರಟ ನನ್ನ ಸದ್ದು ಮಂದಿಯ ಎದೆಗೆ ತಾಗಬೇಕು.

ಇದೇ ಆಸೆಯ ಇನ್ನಿಬ್ಬರು ನಮ್ಮ ಸುತ್ತಿನಲ್ಲಿದ್ದರು. ಒಬ್ಬ ಹಿರೇಹಡಗಲಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಇನ್ನೊಬ್ಬ ಹರಪನಹಳ್ಳಿಯ ಡ್ರಿಲ್ ಮಾಸ್ತರ. ಫೋನಿನಲ್ಲಿ ನಮ್ಮ ಮೂವರದೊಂದು ಗುಂಪು. ಸಂಜೆ ಮನೆಯಲ್ಲಿ ನುಡಿಸಿದ್ದನ್ನು ಅದಕ್ಕೆ ಹಾಕುವುದು, ಉಳಿದಿಬ್ಬರು ಅದರ ಮಾನ ಕಳೆಯುವುದು.

"ಲೇ ಕೊಟ್ಟೂರು, ತಾಳ ಬಿಟ್ಟು ಓಡಾಕ ಹತ್ತೀಯಲ್ಲ, ನಾಯಿ ಬೆನ್ನು ಹತ್ತೈತೇನು?" ಎನ್ನುವನು ಹಡಗಲಿಯವನು.

"ಓಡ್ಲಿ ಬಿಡಲೇ," ಎನ್ನುವನು ಹರಪನಹಳ್ಳಿಯವನು. "ಕೂಡ್ಲಿಗಿ ಬಸ್ಸಿಗೆ ಹೊತ್ತಾಗೇತಿ ಅವನಿಗೆ."

ಬೈದು ಮುಗಿದ ಮೇಲೆ ಯಾವ ಬೆರಳು ಎಲ್ಲಿ ಇಡಬೇಕೆಂದು ಹೇಳಿಕೊಡುವರು. ನನಗೆ ಬಂದದ್ದರಲ್ಲಿ ಅರ್ಧ ಆ ಬೈಗುಳದಿಂದ ಬಂದದ್ದು.

ಹಗರಿಬೊಮ್ಮನಹಳ್ಳಿಯಲ್ಲಿ ಮದುವೆಗಳಿಗೆ ಹಾಡುವ ಆರ್ಕೆಸ್ಟ್ರಾ ಒಂದಿದೆ. ಕೀಬೋರ್ಡ್ ನುಡಿಸುವ ಮಾಸ್ಟರೇ ಅದರ ಮಾಲೀಕರು. ಅವರ ಬೇಸ್ ಗಿಟಾರಿನವನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿ ಜಾಗ ಖಾಲಿಯಾಯಿತು. ಮಾಸ್ಟರು ತಾವಾಗಿಯೇ ಕೇಳಿಕೊಂಡು ನಮ್ಮ ಗುಂಪಿಗೆ ಸೇರಿದರು.

"ಮದುವಿ ಸೀಜನ್ನಿಗೆ ಒಬ್ಬರು ಬೇಕಾಗ್ಯಾರ," ಎಂದರು. "ನಾವು ಹಾಡೋ ಹಾಡಿಗೆ ಮೂರೂ ಮಂದಿ ಬೇಸ್ ಬಾರ್ಸಿ ಕಳಸ್ರಿ. ವೈರು ನೇರ ಫೋನಿಗೇ ಹಚ್ರಿ, ಬ್ಯಾರೆ ಸದ್ದು ಒಂದೂ ಬರಬಾರ್ದು. ನಾ ಕಳಿಸೋ ತಾಳದ ಮ್ಯಾಲೇ ಬಾರಿಸ್ಬೇಕು. ಕೇಳಿ ಹೇಳ್ತೀನಿ."

ಪರೀಕ್ಷೆ ಎಂದರೆ ಹೀಗಿರಬೇಕೆಂದು ನಾವು ತಲೆದೂಗಿದೆವು.

ಅಂದಿನಿಂದ ಗುಂಪಿನ ಭಾಷೆ ಕೆಟ್ಟಿತು. ಎಂದರೆ, ಸಭ್ಯವಾಯಿತು. ಯಾರೂ ಯಾರನ್ನೂ ಬೈಯಲಿಲ್ಲ. ತಪ್ಪು ಹೇಳಿದರೆ ಎದುರಾಳಿ ತಿದ್ದಿಕೊಂಡುಬಿಡುತ್ತಾನಲ್ಲ. "ಚಲೋ ಐತಿ" ಎಂದಷ್ಟೇ ಬರೆದು, ಅದೇ ಹಾಡನ್ನು ಇನ್ನೂ ಚಲೋ ಮಾಡಿ ಕಳಿಸುವುದು. ಹಡಗಲಿಯವನು ಅಂಗಡಿಯ ಬಾಗಿಲು ಹಾಕಿ ನುಡಿಸುತ್ತಿದ್ದನೆಂದು ಆಮೇಲೆ ತಿಳಿಯಿತು. ಕೇಳಿದರೆ, "ನಾನೇನು ಪ್ರ್ಯಾಕ್ಟೀಸ್ ಮಾಡಿಲ್ಲಪ, ಹಂಗ ಒಮ್ಮೆ ಬಾರ್ಸಿದ್ದು," ಎನ್ನುತ್ತಿದ್ದ. ನಾನೂ ಅದನ್ನೇ ಹೇಳುತ್ತಿದ್ದೆ, ಬೆರಳಿನ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತ.

ಮಾಸ್ಟರು ಕೇಳಿದ ಹಾಡುಗಳನ್ನೆಲ್ಲ ಮೂವರೂ ಬಾರಿಸಿ ಕಳಿಸಿ ಮುಗಿಸಿದೆವು. ತಂಬ್ರಹಳ್ಳಿಯ ಒಂದು ಆರತಕ್ಷತೆಗೆ ಬರಬೇಕೆಂದು ಮಾಸ್ಟರು ನನಗೊಬ್ಬನಿಗೇ ಫೋನು ಮಾಡಿದರು. ಹೆಂಡತಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಗಿಟಾರು ಹೆಗಲಿಗೇರಿಸಿ ಕಲ್ಯಾಣಮಂಟಪದ ಮೆಟ್ಟಿಲ ಹತ್ತಿರ ಬಂದರೆ ಹಡಗಲಿಯವನು ಹೆಗಲಿಗೆ ಗಿಟಾರು ಹಾಕಿಕೊಂಡು ನಿಂತಿದ್ದ. ಅವನಿಗೊಬ್ಬನಿಗೇ ಫೋನು ಬಂದಿತ್ತಂತೆ. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹರಪನಹಳ್ಳಿಯವನು ಗಿಟಾರು ಹೊತ್ತು ಆಟೋದಿಂದ ಇಳಿದ.

ಒಳಗೆ ಕಾರ್ಯಕ್ರಮ ಶುರುವಾಯಿತು. ವೇದಿಕೆಯ ಮೇಲೆ ಬೇಸ್ ಗಿಟಾರಿನವನು ಇರಲಿಲ್ಲ. ಬೇಸಿನ ಸದ್ದು ಮಾತ್ರ ಇತ್ತು. ಆಳೆತ್ತರದ ಸ್ಪೀಕರಿನಿಂದ ಬಂದು ಎದೆಗೇ ತಾಗುತ್ತಿತ್ತು.

"ಇದು ನಂದು," ಎಂದ ಹಡಗಲಿಯವನು, ಮೆಲ್ಲಗೆ.

ಎರಡನೆಯ ಹಾಡು ನನ್ನದು. ಹರಪನಹಳ್ಳಿಯವನು ಕಿವಿಗೊಟ್ಟು ಕೇಳಿದ. "ನಿಂದೇ ಐತಲೇ. ನೀ ತಾಳ ಬಿಟ್ಟು ಓಡಿದ್ದನ್ನ ಮಾಸ್ಟರ ಮಿಷಿನ್ನಾಗ ಹಾಕಿ ಸರಿ ಮಾಡ್ಯಾನ."

ಬಿಡುವಿನಲ್ಲಿ ಮಾಸ್ಟರು ಕೆಳಗಿಳಿದು ಬಂದರು. ಮುಖದಲ್ಲಿ ನಾಚಿಕೆ ಇರಲಿಲ್ಲ, ಸಂತೋಷವಿತ್ತು.

"ತಪ್ಪು ತಿಳ್ಕೋಬ್ಯಾಡ್ರಿ. ಒಬ್ಬರನ್ನ ತಗೊಂಡಿದ್ರ ಇಬ್ಬರಿಗೆ ಬ್ಯಾಸರ ಆಗ್ತಿತ್ತು. ಈಗ ಮೂರೂ ಮಂದಿ ನಮ್ಮ ತಂಡದಾಗ ಅದೀರಿ. ನಿಮ್ಮ ಕಿವೀಲೆ ಕೇಳ್ಲಿ ಅಂತ ಕರೆಸಿದ್ನಿ. ಊಟ ಮಾಡ್ಕೊಂಡು ಹೋಗ್ರಿ."

"ನಾವು ಬರೋದು ಬ್ಯಾಡ ಅಂದಂಗಾತು," ಎಂದೆ.

"ನೀವ್ಯಾಕ ತ್ರಾಸು ತಗೋತೀರಿ ಸರ. ಎಲ್ಲಾ ಹಾಡೂ ಬಾರ್ಸಿ ಕೊಟ್ಟೀರಲ್ಲ."

ನಾವು ಗಿಟಾರುಗಳನ್ನು ಗೋಡೆಗೆ ಒರಗಿಸಿ ಪಂಕ್ತಿಯಲ್ಲಿ ಕೂತೆವು. ಮೂವರನ್ನೂ ತಂಡದವರೆಂದೇ ತಿಳಿದು ಬಡಿಸುವವರು ಹೋಳಿಗೆಗೆ ಎರಡೆರಡು ಸಲ ಒತ್ತಾಯ ಮಾಡಿದರು. ಯಾರ ಬೇಸ್ ಹೆಚ್ಚು ಹಾಡುಗಳಲ್ಲಿದೆ ಎಂದು ಹಡಗಲಿಯವನು ಉಣ್ಣುತ್ತಲೇ ಲೆಕ್ಕ ಹಾಕತೊಡಗಿದ. ಹರಪನಹಳ್ಳಿಯವನು ಅವನಿಗೆ ಬಾಯಿ ಮುಚ್ಚಿಕೊಂಡು ತಿನ್ನಲು ಹೇಳಿದ. ಅದು ನಮ್ಮ ಹಳೆಯ ಬೈಗುಳದಂತೆ ಇರಲಿಲ್ಲ.

ಗುಂಪಿಗೆ ಆಮೇಲೆ ಯಾರೂ ಏನೂ ಕಳಿಸಲಿಲ್ಲ. ಆರ್ಕೆಸ್ಟ್ರಾ ಆ ಸೀಜನ್ನಿನಲ್ಲಿ ಸುತ್ತಲಿನ ಐದೂ ತಾಲೂಕುಗಳ ಮದುವೆಗಳಿಗೆ ಹೋಯಿತು. ಬೇಸ್ ಗಿಟಾರಿಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ.