ಅಕ್ಕನ ಬೀಜದ ಚೀಲ

ಅಕ್ಕ, ನಿನ್ನ ಕೆಂಪು ಭತ್ತದ ವಂಶ ನಿಂತುಹೋದದ್ದು ಹೊಳೆಯಿಂದಲ್ಲ — ನನ್ನಿಂದ.

ಆರು ವರ್ಷದಿಂದ ಈ ಮಾತನ್ನು ಮುಚ್ಚಿಟ್ಟಿದ್ದೇನೆ. ಫೋನಿನಲ್ಲಿ ಹೇಳಲು ಹೋದಾಗಲೆಲ್ಲ ಮೊಮ್ಮಕ್ಕಳ ವಿಷಯ ತೆಗೆಯುತ್ತೇನೆ. ಹೇಡಿ ನಾನು.

ತುಂಗಭದ್ರೆಯ ದಂಡೆಯ ನಮ್ಮೂರಲ್ಲಿ ಬೀಜವನ್ನೆಲ್ಲ ಒಂದೇ ಮನೆಯಲ್ಲಿ ಇಡುತ್ತಿರಲಿಲ್ಲ. ಹೊಳೆ ಬಂದರೂ ಉಳಿಯಲೆಂದು ಅರ್ಧ ಬೀಜ ದೂರದ ನೆಂಟರ ಮನೆಯಲ್ಲಿ. ಊರೆಲ್ಲ ಪೇಟೆಯ ಬೀಜಕ್ಕೆ ತಿರುಗಿದ ಮೇಲೂ, ಎದೆಮಟ್ಟ ನೀರಲ್ಲಿ ತಲೆಯೆತ್ತಿ ನಿಲ್ಲುವ ಆ ಕೆಂಪಕ್ಕಿಯ ಭತ್ತವನ್ನು ಬಿಡದವಳು ನೀನೊಬ್ಬಳೇ. “ನಿನ್ನ ಮನ್ಯಾಗ ಇರಲಿ ತಮ್ಮಾ, ಬೆಂಗಳೂರಿಗೆ ಹೊಳಿ ಬರೂದಿಲ್ಲ” ಎಂದು ಪ್ರತಿ ಸುಗ್ಗಿಯಲ್ಲೂ ಒಂದು ಚೀಲ ಕಳಿಸುತ್ತಿದ್ದೆ. ಹೊಸದು ಬಂದ ಮೇಲೆ ಹಳೆಯದು ನನ್ನ ಪಾಲಿಗೆ.

ಹೊಳೆ ಬರಲಿಲ್ಲ — ಗೃಹಪ್ರವೇಶಗಳು ಬಂದವು. ಬೆಂಗಳೂರಿನ ಅಂಚಿನ ಈ ಸಿಂಗಾಪುರ ಲೇಔಟಿನಲ್ಲಿ ಮನೆಗಳು ಏಳುತ್ತಲೇ ಇದ್ದವು. ಕಳಶದ ಕೆಳಗೆ ಹರಡಲು ಭತ್ತವೇ ಆಗಬೇಕೆಂದು ಪುರೋಹಿತರು. ಅಂಗಡಿಯಲ್ಲಿ ಸಿಗುವುದು ಬರೀ ಅಕ್ಕಿ. “ಸಾರ್, ನಿಮ್ಮತ್ರ ಭತ್ತ ಇದ್ಯಂತೆ? ಒಂದು ಸೇರು ಕೊಡಿ ಸಾರ್” ಎಂದು ಎದುರುಮನೆಯವರು ಬಂದರು. ಆಮೇಲೆ ಪಕ್ಕದ ಬೀದಿಯವರು. ಹಳೆಯ ಚೀಲ ಮುಗಿಯಿತು. ಇಲ್ಲ ಎನ್ನಬಹುದಿತ್ತಲ್ಲ! ಹೊಸದರ ಬಾಯಿ ಬಿಚ್ಚಿದೆ. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಯಾರೂ ನನ್ನನ್ನು ಹೀಗೆ ಹುಡುಕಿಕೊಂಡು ಬಂದಿರಲಿಲ್ಲ — ಇದು ಕಾರಣವಲ್ಲ, ಕೊಬ್ಬು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಆ ಮಳೆಗಾಲದಲ್ಲೇ, ನೀನಿನ್ನೂ ಬಿತ್ತುವ ಮೊದಲೇ, ಹೊಳೆ ನಿನ್ನ ಮನೆಯೊಳಗೆ ನುಗ್ಗಿತು. ನಿನ್ನ ಪಾಲಿನ ಬೀಜ ಕೊಚ್ಚಿಹೋಯಿತು. “ನಿನ್ನ ಕಡೆ ಐತಲ್ಲಪಾ, ಸಾಕು” ಎಂದೆ ನೀನು ಫೋನಿನಲ್ಲಿ. ನನ್ನ ಚೀಲದಲ್ಲಿ ಉಳಿದದ್ದು ಧೂಳು.

ಯಶವಂತಪುರದಲ್ಲಿ ಹಕ್ಕಿಗೆ ಹಾಕುವ ಕಾಳಿನ ಅಂಗಡಿಯಿಂದ ಭತ್ತ ತಂದೆ. ನಿನ್ನದೇ ಚೀಲಕ್ಕೆ ತುಂಬಿ, ನಿನ್ನ ಹಾಗೆಯೇ ಗಂಟು ಹಾಕಿ, ಊರಿಗೆ ತಂದುಕೊಟ್ಟೆ. ನೀನು ಬಿಚ್ಚಿ ನೋಡಲೂ ಇಲ್ಲ, ಕಣ್ಣಿಗೊತ್ತಿಕೊಂಡು ಒಳಗಿಟ್ಟೆ.

ಪೈರು ಮೊಣಕಾಲೆತ್ತರಕ್ಕೇ ನಿಂತಿತು. ಕುಟ್ಟಿದರೆ ಬಿಳಿ ಅಕ್ಕಿ. ನನ್ನ ಕೈ ಹಿಡಿದು ನೀನಂದೆ: “ಹೊಳಿ ನಮ್ಮ ಮಣ್ಣಿನ ಗುಣಾನ ಒಯ್ತು ತಮ್ಮಾ. ನೀ ಇಷ್ಟು ಜ್ವಾಕಿ ಮಾಡಿ ಕೊಟ್ಟಿ, ನಾ ಉಳಿಸ್ಕೊಳ್ಳಲಿಲ್ಲ. ತಪ್ಪಾತು.”

ನಾನು — “ಇರಲಿ ಬಿಡಕ್ಕ” ಎಂದೆ. ಕ್ಷಮಿಸಿದವನ ಹಾಗೆ! ಇದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನೀನು ಈಗಲೂ ಚೀಲ ಕಳಿಸುತ್ತೀ. ತಾರಸಿಯಲ್ಲಿ ಬಿಸಿಲಿಗೆ ಹಾಕುತ್ತೇನೆ, ಬೇವಿನೆಲೆ ಬೆರೆಸುತ್ತೇನೆ, ಯಾರು ಕೇಳಿದರೂ ಒಂದು ಹಿಡಿ ಕೊಡುವುದಿಲ್ಲ. ಇಷ್ಟೆಲ್ಲ ಕಾಯುತ್ತಿರುವುದು ಹಕ್ಕಿ ಅಂಗಡಿಯ ಭತ್ತವನ್ನು.

ಭಾನುವಾರ ಚೀಲ ಹೊತ್ತು ಬರುತ್ತಿದ್ದೇನೆ. ಅಲ್ಲಿ ಬಾಯಿ ಕಟ್ಟದಿರಲೆಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ನಾನು ಓದಿ ಮುಗಿಸಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನು. ಆ ಮಣ್ಣನ್ನು ಮಾತ್ರ ಇನ್ನು ಬೈಯಬೇಡ, ಅಕ್ಕ.