ಬಿಚ್ಚಿದ ಡಬ್ಬದ ಮುಂದಿನ ಪಂಡಿತ

ಅಂಗಡಿಯ ಕಂಪ್ಯೂಟರ್ ಕಂಡರೆ ಮೂಗು ಮುರಿದು, ಬಿಡಿಭಾಗ ತಂದು ತಾವೇ ಜೋಡಿಸುವ ಪಂಡಿತರು ಬೀದಿಗೊಬ್ಬರು ಇರುತ್ತಾರೆ. ನಮ್ಮ ಬೀದಿಗೆ ನಾನಿದ್ದೇನೆ. ಮಗಳಿಗೆಂದು ನಾನು ಜೋಡಿಸಿದ ಹೊಸ ಯಂತ್ರದಲ್ಲಿ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. "ಏನಿಲ್ಲ, ರ‍್ಯಾಮ್ ತಕರಾರು, ಒಂದೇ ನಿಮಿಷ," ಎಂದು ಊಟಕ್ಕೆ ಮುಂಚೆ ಹೇಳಿದ್ದನ್ನೇ ಊಟವಾದ ಮೇಲೂ ಹೇಳುತ್ತೇನೆ. ಎರಡು ರ‍್ಯಾಮ್ ಪಟ್ಟಿಗಳನ್ನೂ ಕಿತ್ತು ಒರೆಸುತ್ತೇನೆ, ಅದಲುಬದಲು ಮಾಡುತ್ತೇನೆ, ಒಂದನ್ನೇ ಇಟ್ಟು ನೋಡುತ್ತೇನೆ, ಕೊನೆಗೆ ಅವನ್ನು ತಯಾರಿಸಿದವನ ವಂಶವನ್ನೇ ಜಾಲಾಡುತ್ತೇನೆ. "ಪೂರ್ತಿ ಕೂತಿದೆಯೇನ್ರೀ? ಸ್ವಲ್ಪ ಒತ್ತಿ ನೋಡಿ," ಅನ್ನುತ್ತಾಳೆ ಹೆಂಡತಿ. "ಇದು ಡಬ್ಬಿ ಮುಚ್ಚಳ ಅಲ್ಲ ಕಣೇ," ಅನ್ನುತ್ತೇನೆ. ಒತ್ತಿದರೆ ಮುರಿದೀತೆಂಬ ಭಯವನ್ನು ಪಂಡಿತನಾದವನು ಬಾಯಿಬಿಟ್ಟು ಹೇಳುವುದುಂಟೇ? ಅವಳು ಅಡುಗೆಮನೆಗೆ ಹೋದ ಮೇಲೆ ಉಸಿರು ಬಿಗಿಹಿಡಿದು ಹೆಬ್ಬೆರಳಿಂದ ಒತ್ತಿದೆ. ಟಕ್ ಎಂದು ಕೂತಿತು. ಇಷ್ಟು ದಿನ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದ ಮಗಳು ಸಂಜೆಯಿಂದ ಟಾರ್ಚ್ ಹಿಡಿದು ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಯಂತ್ರ ಎದ್ದರೆ ಅದರ ಹಿಂದೆಯೇ ಅವಳೂ ಕೋಣೆ ಸೇರುತ್ತಾಳೆ. "ಅಪ್ಪ, ಈಗ ಆನ್ ಮಾಡ್ಲಾ?" ಅಂದಳು. "ತಡಿಯಮ್ಮ," ಅಂದೆ, "ಇನ್ನೊಂದು ಸಲ ತೆಗೆದು ನೋಡೋಣ."