ಕೊಸರು ಕೊನೆಗೆ

…ಅಥವಾ ಆ ಕಾರ್ಡನ್ನು ತಕ್ಕಡಿಗೆ ಹಾಕಿ ತೂಗಿದವನು ನಾನೇ ಇರಬಹುದು. ನೆನಪಿನಲ್ಲಿ ಮಾತ್ರ ಕೈ ರುದ್ರಪ್ಪನವರದು. ಒಣಮೆಣಸಿನಕಾಯಿ ಮುರಿದು ಮುರಿದು ಕೆಂಪಗಾದ ಉಗುರು, ಹಿತ್ತಾಳೆ ತಟ್ಟೆಯಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ತುಂಡು, ಎದುರು ತಟ್ಟೆಗೆ ನಾಲ್ಕೈದು ಕಾಳು ತೊಗರಿಬೇಳೆ. "ತೂಕವೇ ಇಲ್ವಲ್ರೀ ಇದು" ಅಂದದ್ದು ಖಂಡಿತ ಅವರೇ. ಇಲ್ಲ, ಖಂಡಿತ ಅನ್ನುವುದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರನ್ನು ಬಲ್ಲ ಯಾರಾದರೂ ಆ ಮಾತನ್ನು ಅವರ ಬಾಯಿಗೆ ಹಾಕಿಯಾರು.

ಇಷ್ಟು ನಿಜ. ಮಂಡಿ ಮೊಹಲ್ಲಾದಲ್ಲಿ ರುದ್ರಪ್ಪನವರದು ಬೇಳೆ, ಮೆಣಸಿನಕಾಯಿಯ ಅಂಗಡಿ. ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ, ಹತ್ತಿರದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಅವರು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಪ್ರೂಫಿನೋರೇ" ಅನ್ನುತ್ತಿದ್ದರು.

ಎಣಿಸುವಾಗ ಅವರು 'ಒಂದು' ಅನ್ನುತ್ತಿರಲಿಲ್ಲ. ಮಂಡಿಯ ಹಳಬರಂತೆ 'ಲಾಭ' ಎಂದೇ ಶುರು. ಲಾಭ, ಎರಡು, ಮೂರು. ಮೆಟ್ಟಿಲು ಹತ್ತುವಾಗಲೂ ಹಾಗೆ, ಬಿ.ಪಿ. ಮಾತ್ರೆ ಎಣಿಸುವಾಗಲೂ ಹಾಗೆ. ಮಕ್ಕಳೆಷ್ಟು ಎಂದು ಕೇಳಿದ ಜನಗಣತಿಯವರಿಗೆ, "ಲಾಭ. ಮದುವೆಯಾಗಿ ಹೂಟಗಳ್ಳೀಲಿದಾಳೆ" ಎಂದರಂತೆ. ಇದು ಬೀದಿಯವರು ಕಟ್ಟಿದ ಕತೆಯೂ ಇರಬಹುದು.

ಕೊಸರಿನ ವಿಷಯದಲ್ಲಿ ಕತೆ ಬೇಕಿಲ್ಲ, ನಾನೇ ದಿನವೂ ನೋಡಿದ್ದೇನೆ. ತಕ್ಕಡಿಯ ಮುಳ್ಳು ನಿಂತು, ದುಡ್ಡು ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ ಒಂದು ಹಿಡಿ ಬೇಳೆಯನ್ನು ಗಿರಾಕಿಯ ಚೀಲಕ್ಕೆ ಸುಮ್ಮನೆ ಸುರಿಯುತ್ತಿದ್ದರು. ಮೊದಲೇ ಕೈಯೊಡ್ಡಿದವರ ಮೇಲೆ ಸಿಡುಕುತ್ತಿದ್ದರು. "ತೂಕ ಮುಗೀಲಿ ತಡಿಯಮ್ಮ. ಲೆಕ್ಕ ಚುಕ್ತಾ ಆಗ್ಲಿ. ಕೊಸರು ಕೊನೇಗೆ. ಮಧ್ಯದಲ್ಲಿ ಕೇಳೋದು ಭಿಕ್ಷೆ ಕಣಮ್ಮ."

ಇಂಥವರ ಅಂಗಡಿಗೆ ಟೈ ಕಟ್ಟಿಕೊಂಡ ಬ್ಯಾಂಕಿನವನೊಬ್ಬ ಬಂದ. ದೊಡ್ಡ ಖರ್ಚಿನವರಿಗೆಂದೇ ಮಾಡಿದ ಕ್ರೆಡಿಟ್ ಕಾರ್ಡು, ನಿಮ್ಮ ತೆರಿಗೆ ಕಾಗದ ನೋಡಿದರೆ ಸಿಕ್ಕೇ ಸಿಗುತ್ತದೆ ಎಂದ. ಗೋಣಿಚೀಲ ಹೊಲಿದ ಹುರಿಯನ್ನೂ ಬಿಚ್ಚಿ ಸುತ್ತಿಡುವ ರುದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನು ಹೊರಡುವಾಗ ಒಂದು ಮಾತು ಬಿಟ್ಟುಹೋದ. ಖರ್ಚಿಗೆ ತಕ್ಕಂತೆ ಪಾಯಿಂಟು ಕೂಡುತ್ತವೆ, ಸಾಕಷ್ಟು ಕೂಡಿದರೆ ವಿಮಾನದ ಟಿಕೆಟು.

ಅವರ ಹೆಂಡತಿ ಗೌರಮ್ಮನವರಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಕಂಬಿ ಹಾಕಿದ್ದರು. ಮೂರು ಗಂಟೆಗಿಂತ ಹೆಚ್ಚು ಕೂರಲು ಆಗುತ್ತಿರಲಿಲ್ಲ. ಒಬ್ಬಳೇ ತಂಗಿ ಕಲ್ಕತ್ತದಲ್ಲಿ, ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ಅಲ್ಲಿಗೆ ರೈಲಿನಲ್ಲಿ ಎರಡು ರಾತ್ರಿ. ವಿಮಾನದ ದುಡ್ಡು ಆ ಅಂಗಡಿ ತಾಳುವಂಥದ್ದಲ್ಲ. ಮೆಣಸಿನಕಾಯಿ ಧಾರಣೆ ಬಿದ್ದ ವರ್ಷ ಅದು.

ಕಾರ್ಡಿನ ಪುಸ್ತಕ ಹಿಡಿದು ಅವರು ಮೆಟ್ಟಿಲು ಹತ್ತಿ ಬಂದರು. "ಸಣ್ಣಕ್ಷರ ಓದೋದು ನಿಮ್ಮ ಕಸುಬಲ್ವಾ. ಓದಿ, ಅರ್ಥ ಹೇಳಿ. ತೂಗೋದು ನಂಗೆ ಬಿಡಿ."

ಮೂರು ಮಧ್ಯಾಹ್ನ ಓದಿದೆ. ಎರಡೇ ಇರಬಹುದು. ವಿಮಾನ ನಿಲ್ದಾಣದಲ್ಲಿ ಕಾರ್ಡಿನವರಿಗೆ ಬೇರೆ ಕೋಣೆ ಎಂದಾಗ, "ಯಾಕೆ, ಮಿಕ್ಕೋರ ಜೊತೆ ಕೂತ್ರೆ ಕಜ್ಜಿ ಅಂಟ್ಕೋತದಾ?" ಅಂದರು. ತಡವಾದರೆ ಬಡ್ಡಿ ಎಷ್ಟೆಂದು ಹೇಳಿದಾಗ, "ಇಷ್ಟು ಬಡ್ಡಿ ನಮ್ಮ ಮಂಡೀಲಿ ಕೇಳಿದ್ರೆ ಚಪ್ಪಲಿ ತಗೋತಾರೆ." ಪಾಯಿಂಟು ಅಂದರೇನೆಂದು ವಿವರಿಸಿದೆ. ಕಣ್ಣರಳಿಸಿದರು. "ಕೊಸರು ಅನ್ನಿ ಮತ್ತೆ! ಯಾರ ಚೀಲದಿಂದ ಹಾಕ್ತಾರೆ?"

"ಅಂಗಡಿಯವರಿಂದ ಬ್ಯಾಂಕು ಕಮಿಷನ್ ಹಿಡಿಯುತ್ತೆ, ಯಜಮಾನ್ರೇ. ಅದರಲ್ಲಿ ಸ್ವಲ್ಪ."

"ನಮ್ಮಂಥೋನ ಚೀಲ ತೂತು ಮಾಡಿ ನಂಗೇ ಕೊಸರು." ಪುಸ್ತಕವನ್ನು ನನ್ನತ್ತ ತಳ್ಳಿದರು. ಆಮೇಲೆ ಹೇಳಿದರು, "ದೊಡ್ಡ ಖರ್ಚಿನೋನಿಗೆ ಇದು ಬೇಕಿಲ್ಲ ಕಣ್ರೀ. ಅವನು ಟಿಕೆಟ್ಟೇ ತಗೋತಾನೆ. ಖರ್ಚು ಮಾಡೋಕೆ ಗತಿ ಇಲ್ದೋನಿಗೇ ಇದು ಬೇಕಾಗಿರೋದು."

ಮೊದಲ ವರ್ಷ ಶುಲ್ಕವಿಲ್ಲ, ಎರಡನೆಯ ವರ್ಷದಿಂದ ಭಾರಿ ಶುಲ್ಕ. ವರ್ಷ ತುಂಬುವ ಮೊದಲೇ ಪಾಯಿಂಟು ಕೂಡಿಸಿ, ಕಾರ್ಡು ಮುಗಿಸಿಬಿಡುವುದು ಎಂದು ತೀರ್ಮಾನವಾಯಿತು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಆ ವರ್ಷ ರುದ್ರಪ್ಪನವರು ಊರಿನವರ ಖರ್ಚನ್ನೆಲ್ಲ ಮೈಮೇಲೆ ಎಳೆದುಕೊಂಡರು. ಯಾರ ಮನೆಯಲ್ಲಿ ಮದುವೆಯಾದರೂ ಸರಿ, ಫ್ರಿಜ್ಜು ಕೊಂಡರೂ ಸರಿ, ಇವರು ಮುಂದೆ. "ದುಡ್ಡು ನನ್ನ ಕೈಗೆ ಕೊಟ್ಬುಡಿ, ಕಾರ್ಡು ನಾನು ಉಜ್ತೀನಿ." ಬಂದ ದುಡ್ಡು ಮರುದಿನವೇ ಬ್ಯಾಂಕಿಗೆ. ಒಮ್ಮೆ ಸೀರೆ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಅವರ ಸೋದರತ್ತೆಯ ಮಗಳು ಶಿವಮ್ಮ ಮಗಳ ಮದುವೆಗೆ ಹದಿನಾಲ್ಕು ಸೀರೆ ಆರಿಸಿಟ್ಟಿದ್ದಳು.

"ಕಾರ್ಡಾದ್ರೆ ಎರಡು ಪರ್ಸೆಂಟ್ ಮೇಲೆ ಬೀಳುತ್ತೆ ಸಾರ್" ಎಂದ ಅಂಗಡಿಯವನು.

"ಅದ್ಯಾಕೆ ನಾನು ಕೊಡ್ಲಿ?" ಶಿವಮ್ಮ ಸೆರಗು ಕೊಡವಿದಳು. "ನನ್ನ ಸೀರೆ ಹಿಡ್ಕೊಂಡು ವಿಮಾನ ಹತ್ತೋನು ನೀನು ಕಣೋ ಭಾವ. ಹತ್ತು, ನೆರಿಗೆ ಬಿಚ್ಚಿಹೋಗ್ದಂಗೆ ಹತ್ತು!"

ಅಂಗಡಿ ಪೂರ್ತಿ ನಕ್ಕಿತು. ರುದ್ರಪ್ಪನವರೂ ನಕ್ಕರು. ನಗುತ್ತಲೇ ಒಳಜೇಬಿನಿಂದ ನೋಟು ತೆಗೆದು ಆ ಎರಡು ಪರ್ಸೆಂಟನ್ನು ತಾವೇ ಕೊಟ್ಟರು. ಹಾಗೆ ಎಷ್ಟು ಕಡೆ ಕೊಟ್ಟರೋ. ಪುಕ್ಕಟೆ ಅನ್ನುವುದು ಎಲ್ಲಿತ್ತು ಅದರಲ್ಲಿ?

ಹನ್ನೊಂದನೆಯ ತಿಂಗಳು ಪಾಯಿಂಟು ಇಬ್ಬರ ಟಿಕೆಟ್ಟಿಗೂ ಸಾಕಾಯಿತು. ಗೌರಮ್ಮ ತಂಗಿಗೆ ಫೋನು ಮಾಡಿ, ಹುರಿಹಿಟ್ಟು ತರಲೋ ಚಟ್ನಿಪುಡಿ ತರಲೋ ಎಂದು ಕೇಳಿದ್ದು ಮೇಲಿನ ಕೋಣೆಗೂ ಕೇಳಿಸಿತು.

ರುದ್ರಪ್ಪನವರು ಕೊನೆಯ ಬಿಲ್ಲು ಪೈಸೆ ಉಳಿಸದೆ ಕಟ್ಟಿದರು. ಅವರು ಹೇಳಿದಂತೆ ಕಾರ್ಡು ಮುಗಿಸುವ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದವನು ನಾನು. ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಲಕೋಟೆಗೆ ಹಾಕಿದರು. ಬ್ಯಾಂಕಿನಿಂದ ಖಾತೆ ಮುಗಿದ ಕಾಗದ ಬಂತು. ಆಗ ಬೆಳಿಗ್ಗೆ ಬೆಳಿಗ್ಗೆಯೇ ನನ್ನನ್ನು ಕರೆದು, "ಈಗ ಫೋನ್ ಮಾಡಿ ಪ್ರೂಫಿನೋರೇ. ಲೆಕ್ಕ ಚುಕ್ತಾ ಆಯ್ತು. ನಮ್ಮ ಕೊಸರು ಹಾಕೋಕೆ ಹೇಳಿ" ಎಂದರು.

ಫೋನಿನಲ್ಲಿ ಒಬ್ಬ ಹೆಣ್ಣುಮಗಳು, ಬಹಳ ಮರ್ಯಾದೆಯ ಇಂಗ್ಲಿಷು. ಖಾತೆ ಮುಗಿದ ಗಳಿಗೆಯಲ್ಲೇ ಪಾಯಿಂಟುಗಳೂ ರದ್ದಾಗಿವೆ, ಮೊದಲೇ ಬಳಸಿಕೊಳ್ಳಬೇಕಿತ್ತು ಎಂದಳು. ರುದ್ರಪ್ಪನವರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಗೊಂದಲವಾಯಿತು.

"ಮುಗಿದ್ಮೇಲೆ ಅಲ್ವೇನ್ರೀ ಹಾಕೋದು? ಮುಗಿಯೋಕೆ ಮುಂಚೆ ಕೈಯೊಡ್ಡೋಕೆ ಆಗ್ತದಾ? ಕೇಳಿ ಆಯಮ್ಮನ್ನ."

ಕೊಸರಿಗೆ ನನಗೆ ಇಂಗ್ಲಿಷು ಸಿಗಲಿಲ್ಲ. ಏನೋ ಅಂದೆ. ಅವಳು ಇನ್ನೊಮ್ಮೆ ಅದನ್ನೇ ಹೇಳಿ, ಇಷ್ಟು ದಿನ ನಮ್ಮ ಗಿರಾಕಿಯಾಗಿದ್ದಕ್ಕೆ ವಂದನೆ ಎಂದು ಫೋನು ಇಟ್ಟಳು.

ಪುಸ್ತಕ ತೆರೆದು ನೋಡಿದೆ. ಹತ್ತೊಂಬತ್ತನೆಯ ಪುಟದಲ್ಲಿ ಆ ನಿಯಮ ಸ್ಪಷ್ಟವಾಗಿತ್ತು. ಅದೇ ಸಾಲಿನಲ್ಲಿ ಒಂದು ಪದಕ್ಕೆ ಅಕ್ಷರ ಬಿಟ್ಟುಹೋಗಿತ್ತು, ಬಿಟ್ಟ ಅಕ್ಷರವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ. ನನ್ನದೇ ಕೈಬರಹ. ಅಕ್ಷರ ನೋಡಿದ್ದೆ, ಸಾಲು ಓದಿರಲಿಲ್ಲ. ಅಥವಾ ಓದಿ ಹೇಳಿಯೂ ಇದ್ದೆ, ಅವರು ನಂಬಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ನೆನಪಿಸಿಕೊಳ್ಳುವುದು ಸುಲಭ.

ರುದ್ರಪ್ಪನವರು ನನ್ನನ್ನು ಬೈಯಲಿಲ್ಲ. "ಇನ್ನೊಂದು ಕಾರ್ಡು ತೆಗೆದು ಮತ್ತೆ ಕೂಡಿಸೋಣ" ಅಂದೆ. "ಅವಳ ತಂಗಿ ವರ್ಷ ಕಾಯ್ತಾಳಾ?" ಎಂದು ಅಂಗಡಿಯ ಒಳಗೆ ಹೋದರು. ಎರಡು ತಿಂಗಳಿಗೆ ಕಲ್ಕತ್ತದಿಂದ ಸುದ್ದಿ ಬಂತು. ಗೌರಮ್ಮ ಹೋಗಲಿಲ್ಲ. ಹೋಗಿ ನೋಡಲು ಏನೂ ಉಳಿದಿರಲಿಲ್ಲ.

ನಾನು ಆ ಕೋಣೆ ಬಿಟ್ಟು ಬೋಗಾದಿಗೆ ಹೋದೆ. ಪ್ರೆಸ್ಸು ದೂರವಾಗುತ್ತದೆಂದು ಗೊತ್ತಿದ್ದೂ ಹೋದೆ. ನಾಲ್ಕು ವರ್ಷ ಅತ್ತ ತಲೆ ಹಾಕಲಿಲ್ಲ. ರುದ್ರಪ್ಪನವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಒಂದು ವಾರ ತಡವಾಗಿ.

ಮಾತಾಡಿಸಲು ಹೋದಾಗ ಗೌರಮ್ಮ ಗೋಡೆ ಹಿಡಿದು ನಡೆದು ಬಂದು ಕಾಫಿ ಕೊಟ್ಟರು. ತಂಗಿಯ ಮಾತು ಅವರೇ ತೆಗೆದರು.

"ನಾನು ವಿಮಾನ ಹತ್ತಿದ್ರೆ ರಕ್ತ ತಲೆಗೇರಿ ಅಲ್ಲೇ ಹೋಗ್ಬುಡ್ತಿದ್ದೆ ಅಂತ ಡಾಕ್ಟ್ರು ಹೇಳಿದ್ರಂತೆ. ಟಿಕೆಟ್ ಬಂದಿತ್ತಂತೆ, ವಾಪಸ್ ಕೊಟ್ರಂತೆ, ಎಲ್ಲಾ ಇವ್ರೇ ಹೇಳಿದ್ದು. ಇಷ್ಟು ವರ್ಷ ಇವ್ರನ್ನ ಅದಕ್ಕೇ ಬೈದೆ ಕಣಪ್ಪ. ಡಾಕ್ಟ್ರ ಮಾತು ಕೇಳಿ ನನ್ನ ತಂಗಿ ಮುಖ ತಪ್ಪಿಸ್ಬುಟ್ರಲ್ಲ ಅಂತ." ಲೋಟ ಇಸಿದುಕೊಂಡು ನನ್ನ ಮುಖ ನೋಡಿದರು. "ನೀವು ಜೊತೇಲೇ ಇದ್ರಲ್ಲ. ಡಾಕ್ಟ್ರು ಹಂಗೇ ಅಂದಿದ್ರಾ?"

ಡಾಕ್ಟರ ಮಾತು ನಾನು ಕೇಳಿದ್ದು ಅದೇ ಮೊದಲು. "ಹೌದಮ್ಮ" ಅಂದೆ.

ಅವರು ತಲೆಯಾಡಿಸಿದರು. ನಂಬಿ ಆಡಿಸಿದರೋ, ನಾನೂ ಅದನ್ನೇ ಹೇಳುತ್ತೇನೆಂದು ಮೊದಲೇ ಗೊತ್ತಿದ್ದು ಆಡಿಸಿದರೋ, ನನಗೆ ಗೊತ್ತಿಲ್ಲ.